ನಂಪೈನಲ್ಲಿ ಮ್ಯಾಟ್ರಿಕ್ಸ್ ಕಾಪಿ ಮಾಡುವುದು ಹೇಗೆ?

ನಂಪೈ ಎಂದರೆ ಪೈಥಾನ್ ಭಾಷೆಯ ಗಣಿತ ಲೈಬ್ರರಿ. ಅದರಲ್ಲಿ ಎ ಎಂಬ ಮ್ಯಾಟ್ರಿಕ್ಸ್ ಇದ್ದಾಗ ‘ಬಿ = ಎ’ ಎಂದು ಬರೆದರೆ ನಕಲು ಆಗುವುದಿಲ್ಲ. ಅದೇ ಮ್ಯಾಟ್ರಿಕ್ಸಿಗೆ ಇನ್ನೊಂದು ಹೆಸರು ಬಿತ್ತು, ಅಷ್ಟೆ. ಆಮೇಲೆ ‘ಬಿ[0, 0] = 99’ ಎಂದರೆ ಎ ಕೂಡ ಬದಲಾಗುತ್ತದೆ. ಬೇರೆಯದೇ ಪ್ರತಿ ಬೇಕಿದ್ದರೆ:

ಬಿ = ಎ.ಕಾಪಿ()

ಪೈಥಾನ್ ಲಿಸ್ಟ್ ರೂಢಿಯಾದವರು ಎಡವುವುದು ಸ್ಲೈಸಿನಲ್ಲಿ. ಲಿಸ್ಟಿಗೆ ‘ಎ[:]’ ಬರೆದರೆ ಹೊಸ ಲಿಸ್ಟ್ ಸಿಗುತ್ತದೆ. ನಂಪೈ ಅರೇಗೆ (ಮ್ಯಾಟ್ರಿಕ್ಸೂ ಒಂದು ಅರೇ) ಬರೆದರೆ ಅದೇ ಮೆಮೊರಿಯನ್ನು ತೋರಿಸುವ ವ್ಯೂ. ಟ್ರಾನ್ಸ್‌ಪೋಸ್ ‘ಎ.ಟಿ’ ಸಹ ವ್ಯೂ. ‘ಎ[[0, 2]]’ ಎಂದು ಸಾಲುಗಳನ್ನು ಹೆಕ್ಕಿದರೆ ಮಾತ್ರ ಕಾಪಿಯೇ ಬರುತ್ತದೆ. ಅನುಮಾನವಿದ್ದರೆ ‘ಎನ್‌ಪಿ.ಷೇರ್ಸ್_ಮೆಮೊರಿ(ಎ, ಬಿ)’ ಓಡಿಸಿ (ಎನ್‌ಪಿ ಎಂಬುದು ನಂಪೈಗೆ ರೂಢಿಯ ಕಿರುಹೆಸರು). ಟ್ರೂ ಬಂದರೆ ಎರಡೂ ಇನ್ನೂ ಅಂಟಿಕೊಂಡಿವೆ.

ಮೆಮೊರಿ ಉಳಿಸಲೂ ಕಾಪಿ ಬೇಕಾಗುತ್ತದೆ. 10,000 × 10,000 ಅಳತೆಯ ಫ್ಲೋಟ್64 (8 ಬೈಟಿನ ದಶಮಾಂಶ ಸಂಖ್ಯೆ) ಮ್ಯಾಟ್ರಿಕ್ಸಿಗೆ 80 ಕೋಟಿ ಬೈಟ್ ಬೇಕು. ಅದರ ಒಂದು ಸಾಲು 80,000 ಬೈಟ್ ಮಾತ್ರ. ಆದರೆ ‘ಸಾಲು = ಎ[0]’ ಎಂದಿಟ್ಟುಕೊಂಡು ಎ ಅಳಿಸಿದರೆ ಒಂದು ಬೈಟೂ ಬಿಡುಗಡೆಯಾಗದು, ವ್ಯೂ ಇಡೀ ಮ್ಯಾಟ್ರಿಕ್ಸನ್ನು ಹಿಡಿದುಕೊಂಡಿರುತ್ತದೆ. ‘ಎ[0].ಕಾಪಿ()’ ಎಂದು ಬರೆಯಿರಿ.

ಲೂಪಿನೊಳಗೆ ಸಾವಿರಾರು ಸಲ ನಕಲು ಮಾಡುವುದಿದ್ದರೆ ಪ್ರತಿ ಸಲ ಹೊಸ ಜಾಗ ಕೇಳಬೇಡಿ. ಲೂಪಿನ ಹೊರಗೆ ಅದೇ ಅಳತೆಯ ಜಾಗ ಮಾಡಿಕೊಳ್ಳಲು ಒಮ್ಮೆ ‘ಬಿ = ಎನ್‌ಪಿ.ಎಂಪ್ಟಿ_ಲೈಕ್(ಎ)’, ಒಳಗೆ ‘ಎನ್‌ಪಿ.ಕಾಪಿಟು(ಬಿ, ಎ)’. ತುಂಬಬೇಕಾದದ್ದು ಮೊದಲು, ಮೂಲ ಆಮೇಲೆ. ತಿರುವುಮುರುವಾದರೆ ಮೂಲವೇ ಅಳಿಸಿಹೋಗುತ್ತದೆ, ಎರರ್ ಬರುವುದಿಲ್ಲ.

‘ಬಿ[:] = ಎ’ ಎಂದರೂ ಇದೇ ಕೆಲಸ ಆಗುತ್ತದಲ್ಲ? ಆಗುತ್ತದೆ, ಆದರೆ ಬಿ ಇಂಟಿಜರ್ ಅರೇ ಆಗಿದ್ದರೆ 2.9 ಎಂಬುದು ಸದ್ದಿಲ್ಲದೆ 2 ಆಗಿ ಕೂರುತ್ತದೆ. ಕಾಪಿಟು ಅಲ್ಲಿ ಟೈಪ್‌ಎರರ್ ಕೊಟ್ಟು ನಿಲ್ಲುತ್ತದೆ. ಹಾಗಾಗಿ ಕಾಪಿಟು ಬಳಸುವುದೇ ಕ್ಷೇಮ. ಅದೂ ಎಲ್ಲವನ್ನೂ ಹಿಡಿಯುವುದಿಲ್ಲ: ಫ್ಲೋಟ್64ನಿಂದ ಫ್ಲೋಟ್32ಗೆ ನಿಖರತೆ ಕಳೆದುಕೊಂಡೇ ಸಾಗಿಸುತ್ತದೆ. 3 × 3 ಜಾಗಕ್ಕೆ 3 ಸಂಖ್ಯೆಗಳ ಒಂದೇ ಸಾಲು ಕೊಟ್ಟರೆ ಬ್ರಾಡ್‌ಕಾಸ್ಟ್ ನಿಯಮದಂತೆ ಅದನ್ನೇ ಮೂರು ಸಲ ತುಂಬುತ್ತದೆ. ಮೊದಲು ‘ಎ.ಶೇಪ್ == ಬಿ.ಶೇಪ್’ ಪರೀಕ್ಷಿಸಿಕೊಳ್ಳಿ.

ಮಾಸ್ಕ್ಡ್ ಅರೇ (ಕೆಲವು ಮೌಲ್ಯಗಳನ್ನು ಲೆಕ್ಕಕ್ಕಿಲ್ಲವೆಂದು ಮರೆಮಾಡಿದ ಅರೇ) ಇದ್ದರೆ ‘ಎನ್‌ಪಿ.ಕಾಪಿ(ಎ)’ ಬೇಡ, ಅದು ಮಾಸ್ಕ್ ಕಳಚಿ ಸಾದಾ ಅರೇ ಕೊಡುತ್ತದೆ. ‘ಎ.ಕಾಪಿ()’ ಮಾಸ್ಕನ್ನು ಉಳಿಸಿಕೊಳ್ಳುತ್ತದೆ. ಆಬ್ಜೆಕ್ಟ್ ಟೈಪಿನ (ಯಾವ ಪೈಥಾನ್ ವಸ್ತುವನ್ನಾದರೂ ಇಡಬಲ್ಲ) ಅರೇಯೊಳಗೆ ಲಿಸ್ಟುಗಳಿದ್ದರೆ ಎರಡೂ ಸಾಲವು, ಒಳಗಿನ ಲಿಸ್ಟುಗಳು ಹಂಚಿಕೆಯಲ್ಲೇ ಉಳಿಯುತ್ತವೆ. ಅಲ್ಲಿ ಪೈಥಾನಿನ ‘ಕಾಪಿ.ಡೀಪ್‌ಕಾಪಿ(ಎ)’ ಬೇಕು.