ಮನೆಯ ಸ್ಪೀಕರ್, ಆಂಪ್ಲಿಫೈಯರ್‌ಗಳನ್ನು ಕೇಳಿ ನೋಡುವ ಕ್ರಮ

ಎರಡು ಆಂಪ್ಲಿಫೈಯರ್‌ಗಳನ್ನಾಗಲಿ, ಎರಡು ಜೊತೆ ಸ್ಪೀಕರ್‌ಗಳನ್ನಾಗಲಿ ಹೋಲಿಸಿ ಕೇಳುವಾಗ ಮೊಟ್ಟಮೊದಲು ಮಾಡಬೇಕಾದ ಕೆಲಸವೆಂದರೆ ಎರಡರ ಧ್ವನಿಮಟ್ಟವನ್ನು ಸಮಗೊಳಿಸುವುದು. ಒಂದು ಸಾಧನ ಇನ್ನೊಂದಕ್ಕಿಂತ ಒಂದು ಡೆಸಿಬಲ್‌ನಷ್ಟು ಏರಿದ್ದರೂ ಕಿವಿ ಅದನ್ನು ಜೋರು ಎಂದು ಗುರುತಿಸದೆ, ಹೆಚ್ಚು ಸ್ಪಷ್ಟ, ಹೆಚ್ಚು ತುಂಬಿದ ನಾದ ಎಂದು ಗ್ರಹಿಸಿಬಿಡುತ್ತದೆ. ಸದ್ದು ಮೆಲ್ಲಗಿದ್ದಾಗ ನಮಗೆ ಮಂದ್ರದ ಸ್ವರಗಳು ಮಧ್ಯದ ಸ್ವರಗಳಿಗಿಂತ ಬಹಳ ಕಡಿಮೆ ಕೇಳಿಸುತ್ತವೆ. ಸದ್ದು ಏರಿದಂತೆ ಆ ಅಂತರ ಕಿರಿದಾಗುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಆದ್ದರಿಂದ ಮಟ್ಟ ಸಮಗೊಳಿಸದೆ ಹೇಳಿದ ಅಭಿಪ್ರಾಯವನ್ನು, ಹೇಳಿದವರು ಎಷ್ಟೇ ಅನುಭವಿಗಳಾಗಿರಲಿ, ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಆಂಪ್ಲಿಫೈಯರ್‌ಗಳ ವಿಷಯದಲ್ಲಿ ಇದಕ್ಕೆ ಒಂದು ಮಲ್ಟಿಮೀಟರ್ ಸಾಕು. 100 ಹರ್ಟ್ಸ್‌ನ (ಸೆಕೆಂಡಿಗೆ 100 ಕಂಪನಗಳ) ಒಂದೇ ಸ್ವರವಿರುವ ಫೈಲನ್ನು ನುಡಿಸಿ, ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು, ಸ್ಪೀಕರ್ ಜೋಡಿಸಿರುವಾಗಲೇ ಅದರ ಟರ್ಮಿನಲ್‌ಗಳ ನಡುವೆ ಅಳೆಯಬೇಕು. ಮೀಟರಿನ ಎರಡು ಮುಳ್ಳುಗಳು ಪರಸ್ಪರ ತಾಗಿದರೆ ಆಂಪ್ಲಿಫೈಯರ್ ಸುಟ್ಟುಹೋಗಬಹುದು, ಆ ಎಚ್ಚರ ಇರಲಿ. ಮೊದಲನೆಯದು 2.00 ವೋಲ್ಟ್ ತೋರಿಸಿದರೆ ಎರಡನೆಯದನ್ನು 1.98ರಿಂದ 2.02ರ ಒಳಗೆ ತನ್ನಿ. ಆಗ ವ್ಯತ್ಯಾಸ 0.1 ಡೆಸಿಬಲ್‌ಗಿಂತ ಕಡಿಮೆ. ಸ್ಪೀಕರ್‌ಗಳನ್ನು ಹೋಲಿಸುವಾಗ ಪಿಂಕ್ ನಾಯ್ಸ್ (ಮಂದ್ರದಿಂದ ತಾರದವರೆಗಿನ ಎಲ್ಲ ಆವರ್ತನಗಳೂ ಬೆರೆತ, ಭೋರ್ಗರೆತದಂಥ ಪರೀಕ್ಷಾ ಸದ್ದು) ನುಡಿಸಿ, ಫೋನಿನ ಡೆಸಿಬಲ್ ಆ್ಯಪನ್ನು ನೀವು ಕೂರುವ ಜಾಗದಲ್ಲಿ, ಎರಡೂ ಬಾರಿ ಒಂದೇ ಎತ್ತರದಲ್ಲಿಟ್ಟು ಅಳೆಯಿರಿ. ಆ್ಯಪ್ ತೋರಿಸುವ ಸಂಖ್ಯೆ ನಿಜವೇ ಎಂಬುದು ಇಲ್ಲಿ ಮುಖ್ಯವಲ್ಲ, ಎರಡೂ ಸಲ ಅದೇ ಸಂಖ್ಯೆ ಬರಬೇಕು ಅಷ್ಟೆ.

ನಂತರ ಸಂಪರ್ಕಗಳನ್ನು ನೋಡಿಕೊಳ್ಳಿ. ಒಂದು ಸ್ಪೀಕರಿನ ಕೆಂಪು, ಕಪ್ಪು ತಂತಿಗಳು ಅದಲುಬದಲಾಗಿದ್ದರೆ ಮಂದ್ರ ಸೊರಗುತ್ತದೆ, ಗಾಯಕರ ಧ್ವನಿ ನಡುವೆ ನಿಲ್ಲದೆ ಕೋಣೆಯಲ್ಲಿ ಚೆದುರುತ್ತದೆ. ಮಾನೋ (ಎರಡೂ ಸ್ಪೀಕರಿಗೆ ಒಂದೇ ಸದ್ದು ಹೋಗುವ) ಧ್ವನಿಮುದ್ರಣದ ಹಳೆಯ ಚಿತ್ರಗೀತೆಯೊಂದನ್ನು ಹಾಕಿದರೆ ಇದು ಕೂಡಲೇ ತಿಳಿಯುತ್ತದೆ: ಇಡೀ ಹಾಡು ಎರಡು ಸ್ಪೀಕರ್‌ಗಳ ನಟ್ಟನಡುವೆ, ಒಂದೇ ಬಿಂದುವಿನಿಂದ ಬಂದಂತೆ ಕೇಳಬೇಕು. ಟ್ವೀಟರ್, ಅಂದರೆ ಎತ್ತರದ ಸ್ವರಗಳನ್ನು ನುಡಿಸುವ ಚಿಕ್ಕ ಘಟಕ, ಕಿವಿಯ ಎತ್ತರದಲ್ಲಿರಲಿ, ಎರಡು ಸ್ಪೀಕರ್‌ಗಳೂ ನಿಮ್ಮ ಕುರ್ಚಿಯೂ ಹೆಚ್ಚುಕಡಿಮೆ ಸಮಭುಜ ತ್ರಿಕೋನವಾಗಲಿ. ಫ್ಯಾನ್ ನಿಲ್ಲಿಸಿ, ಅದರ ಗಾಳಿಯ ಸದ್ದಿನಲ್ಲಿ ತಂಬೂರಿಯ ಅನುರಣನ ಮುಳುಗಿಹೋಗುತ್ತದೆ.

ಕೋಣೆಯ ಪಾಲು ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್ ಇರುವುದರಿಂದ 12 ಅಡಿ ಉದ್ದದ ಕೋಣೆಯು ಸುಮಾರು 47 ಹರ್ಟ್ಸ್‌ನಲ್ಲಿಯೂ ಅದರ ದುಪ್ಪಟ್ಟಿನಲ್ಲಿಯೂ ತಾನೇ ಅನುರಣಿಸುತ್ತದೆ. ಕುರ್ಚಿ ಹಿಂಗೋಡೆಗೆ ಅಂಟಿಕೊಂಡಿದ್ದರೆ ಈ ಸ್ವರಗಳು ಊದಿಕೊಂಡು ಕೇಳುತ್ತವೆ, ದೋಷವನ್ನು ಮಾತ್ರ ಸ್ಪೀಕರ್ ಹೊರಬೇಕಾಗುತ್ತದೆ. ಟೈಲ್ಸ್ ನೆಲ, ಬರಿಗೋಡೆಗಳ ಹಾಲಿನಲ್ಲಿ ಒಂದು ದಪ್ಪ ಜಮಖಾನೆ, ಒಂದು ಪರದೆ ತರುವ ಬದಲಾವಣೆಯನ್ನು ದುಬಾರಿ ಕೇಬಲ್ ತರುವುದಿಲ್ಲ.

ಈಗ ಕೇಳುವ ಕೆಲಸ. ಮಾತಿನಿಂದ ಆರಂಭಿಸಿ ಎಂದು ನಾನು ಹೇಳುತ್ತೇನೆ. ಹೊರಾಂಗಣ ಪ್ರಸಾರದ ವ್ಯಾನ್‌ಗಳಿಗಾಗಿ 1970ರ ದಶಕದಲ್ಲಿ ಎಲ್‌ಎಸ್ 3/5ಎ ಎಂಬ ಪುಟ್ಟ ಸ್ಪೀಕರನ್ನು ರೂಪಿಸಿದ ಬಿಬಿಸಿಯ ಎಂಜಿನಿಯರ್‌ಗಳೂ ಮನುಷ್ಯನ ಮಾತನ್ನು ಮುಖ್ಯ ಪರೀಕ್ಷೆಯಾಗಿ ಬಳಸುತ್ತಿದ್ದರು, ಏಕೆಂದರೆ ನಾವೆಲ್ಲರೂ ಹುಟ್ಟಿನಿಂದ ಕೇಳುತ್ತ ಬಂದಿರುವ ನಾದ ಅದೊಂದೇ. ಮನೆಯವರೊಬ್ಬರು ಪತ್ರಿಕೆಯ ಒಂದು ಪ್ಯಾರಾ ಓದುವುದನ್ನು ತಾರಸಿಯ ಮೇಲೆ, ಗೋಡೆಗಳಿಂದ ದೂರ ನಿಂತು ರೆಕಾರ್ಡ್ ಮಾಡಿ. ಬಳಿಕ ಅವರನ್ನೇ ಸ್ಪೀಕರ್‌ಗಳ ನಡುವೆ ನಿಲ್ಲಿಸಿ ಅದೇ ಪ್ಯಾರಾ ಓದಿಸಿ ಹೋಲಿಸಿ. ಗಂಡಸಿನ ಧ್ವನಿ ಡಬ್ಬಿಯೊಳಗಿಂದ ಬಂದಂತಾದರೆ ಪೆಟ್ಟಿಗೆಯ ಹಲಗೆಗಳು ನಾದಕ್ಕೆ ತಮ್ಮ ಬಣ್ಣ ಸೇರಿಸುತ್ತಿರಬಹುದು. ‘ಸ’ಕಾರ ಸಿಡಿದು ಕಿವಿಗೆ ಚುಚ್ಚಿದರೆ, ಅಥವಾ ‘ಸ’ ಮತ್ತು ‘ಶ’ಗಳ ಅಂತರ ಮಾಸಿದರೆ, ಟ್ವೀಟರಿನ ಕಡೆ ಗಮನ ಕೊಡಿ. ಹಾಗೆಯೇ ಒಮ್ಮೆ ಎದ್ದು ನಿಂತು ಕೇಳಿ: ಧ್ವನಿಯ ಬಣ್ಣ ಥಟ್ಟನೆ ಬದಲಾದರೆ ವೂಫರ್ (ತಗ್ಗಿನ ಸ್ವರಗಳ ದೊಡ್ಡ ಘಟಕ) ಮತ್ತು ಟ್ವೀಟರ್ ಸಂಧಿಸುವ 2,000–3,000 ಹರ್ಟ್ಸ್‌ನ ಆಸುಪಾಸಿನಲ್ಲಿ ಅವೆರಡರ ಅಲೆಗಳು ಒಂದನ್ನೊಂದು ಅಳಿಸುತ್ತಿವೆ.

ಎರಡನೆಯದು ತಂಬೂರಿ. ಒಂದು ಮನೆ ಶ್ರುತಿಯ (ಹಾರ್ಮೋನಿಯಂನ ‘ಸಿ’ ಸ್ವರವನ್ನು ಷಡ್ಜವಾಗಿಟ್ಟುಕೊಂಡ ಶ್ರುತಿ) ಮಂದ್ರ ಷಡ್ಜ ಸುಮಾರು 65 ಹರ್ಟ್ಸ್. ಕುದುರೆಯ (ತಂತಿಗಳನ್ನು ಹೊರುವ ಸೇತುವೆಯ) ಮೇಲೆ ತಂತಿಯಡಿ ಇಡುವ ನೂಲಿನಿಂದ ಎದ್ದು ಕೇಳುವ ಮೇಲ್ಸ್ವರಗಳು, ಅಂದರೆ ಮೂಲಸ್ವರದ ಜೊತೆಗೇ ಹುಟ್ಟುವ ಎತ್ತರದ ಸ್ವರಗಳು, ಅಲ್ಲಿಂದ ಹಲವು ಸಾವಿರ ಹರ್ಟ್ಸ್‌ವರೆಗೆ ಹರಡಿರುತ್ತವೆ. ಒಳ್ಳೆಯ ಸ್ಪೀಕರಿನಲ್ಲಿ ಒಂದೊಂದು ಮೀಟಿನ ನಂತರವೂ ಆ ಮೇಲ್ಸ್ವರಗಳು ಒಂದರ ಹಿಂದೊಂದು ಮೂಡಿ ಇಳಿಯುವುದನ್ನು ಎಣಿಸುವಂತಿರುತ್ತದೆ, ಗಾಯಕರು ಎತ್ತರದ ಸ್ಥಾಯಿಗೆ ಹೋದಾಗಲೂ ಅದು ಹಿಂದೆ ಕೇಳುತ್ತಲೇ ಇರುತ್ತದೆ. ಸಾಧಾರಣ ಸ್ಪೀಕರಿನಲ್ಲಿ ಅದು ಬರೀ ಗುಂಯ್ ಎನ್ನುವ ಸದ್ದಾಗಿ ಉಳಿಯುತ್ತದೆ. ಬಹುಪಾಲು ಗಾಯನವನ್ನೇ ಕೇಳುವವರಿಗೆ 55–60 ಹರ್ಟ್ಸ್‌ವರೆಗೆ ಇಳಿಯುವ ಪುಸ್ತಕದ ಕಪಾಟಿನ ಗಾತ್ರದ ಸ್ಪೀಕರ್ ಸಾಕೆನ್ನುವುದು ಇದೇ ಕಾರಣಕ್ಕೆ.

ಮೂರನೆಯದು ಮೃದಂಗ. ಸಾಮಾನ್ಯ ಚರ್ಮವಾದ್ಯದ ಮೇಲ್ಸ್ವರಗಳು ಮೂಲಸ್ವರದೊಂದಿಗೆ ಹೊಂದುವುದಿಲ್ಲ. ಬಲ ಮುಖದ ಕರಣೆಯಿಂದಾಗಿ (ನಡುವೆ ಹಚ್ಚುವ ಕಪ್ಪು ಲೇಪದಿಂದಾಗಿ) ಮೃದಂಗದಲ್ಲಿ ಅವು ಹೊಂದಿಕೊಳ್ಳುತ್ತವೆ ಎಂಬುದನ್ನು ಸಿ.ವಿ. ರಾಮನ್ ವಿವರಿಸಿದರು, ಅವರ 1934ರ ಪ್ರಬಂಧ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿದೆ. ಹಾಗಾಗಿ ಬಲ ಮುಖದ ಹೊಡೆತಕ್ಕೆ ಶ್ರುತಿ ಇರಬೇಕು: ಅದರೊಂದಿಗೆ ನೀವು ಷಡ್ಜ ಹಿಡಿಯುವಂತಿರಬೇಕು. ಎಡ ಮುಖದಲ್ಲಿ ಅಂಗೈ ಒತ್ತಿ ಜಾರಿಸಿದಾಗ ಸ್ವರ ಏರುವುದು ಕೇಳಬೇಕು, ಕೈ ತೆಗೆದ ಮೇಲೆ ಸದ್ದು ಉಳಿಯಬಾರದು. ಜಾರು ಕೇಳದೆ ಬರೀ ಧಂ ಎಂದು ಒಂದೇ ಸ್ವರ ಬಂದರೆ, ಸ್ಪೀಕರನ್ನು ಗೋಡೆಯಿಂದ ಒಂದಡಿ ಮುಂದೆ ಎಳೆದು ಮತ್ತೆ ಕೇಳಿ, ಆಮೇಲೆ ತೀರ್ಮಾನಿಸಿ.

ಆಂಪ್ಲಿಫೈಯರಿನ ಬಲ ತಿಳಿಯುವುದು ತನಿ ಆವರ್ತನದಲ್ಲಿ, ಅಂದರೆ ಕಛೇರಿಯಲ್ಲಿ ತಾಳವಾದ್ಯಗಳು ಮಾತ್ರ ನುಡಿಯುವ ಭಾಗದಲ್ಲಿ. ಹಾಲಿನಲ್ಲಿ ಹಿತವಾಗಿ ಕೇಳುವಷ್ಟು ಸದ್ದಿಗೆ 86 ಡೆಸಿಬಲ್ ಸೂಕ್ಷ್ಮತೆಯ (ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು ಮಾಡುವ) ಸ್ಪೀಕರ್ ಅರ್ಧ ವ್ಯಾಟ್ ಬಳಸಿದರೆ ಹೆಚ್ಚು. ಆದರೆ ಸರಾಸರಿಗಿಂತ 20 ಡೆಸಿಬಲ್ ಮೇಲೇಳುವ ಒಂದು ಹೊಡೆತಕ್ಕೆ ನೂರು ಪಟ್ಟು, ಅಂದರೆ 50 ವ್ಯಾಟ್ ಬೇಕು. ಅಷ್ಟು ಶಕ್ತಿ ಇಲ್ಲದಾಗ ಪೆಟ್ಟಿನ ಮೊನೆ ಚಪ್ಪಟೆಯಾಗಿ ಒರಟಾಗುತ್ತದೆ. 8 ಓಮ್ (ವಿದ್ಯುತ್ ತಡೆಯ ಅಳತೆ, ಇದು ಇಳಿದಷ್ಟೂ ಆಂಪ್ಲಿಫೈಯರಿಗೆ ಹೊರೆ ಹೆಚ್ಚು) ಎಂದು ಬರೆದಿರುವ ಎಷ್ಟೋ ಸ್ಪೀಕರ್‌ಗಳು ಕೆಲವು ಆವರ್ತನಗಳಲ್ಲಿ 4 ಓಮ್‌ಗೂ ಇಳಿಯುವುದರಿಂದ ಆ ಹೊರೆಯನ್ನೂ ಆಂಪ್ಲಿಫೈಯರ್ ತಡೆಯಬೇಕು. ಈ ಮಿತಿಯೊಳಗೆ ಉಳಿದರೆ, ಮಟ್ಟ ಸಮಗೊಳಿಸಿದ ಎರಡು ಉತ್ತಮ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗಳ ನಡುವೆ ಭೇದ ಹುಡುಕುವುದು ಬಹಳ ಕಷ್ಟ. ಟ್ರಾನ್ಸಿಸ್ಟರ್ ಬದಲು ಗಾಜಿನ ಕೊಳವೆಗಳಿರುವ ವಾಲ್ವ್ ಆಂಪ್ಲಿಫೈಯರಿನ ಮಾತು ಬೇರೆ. ಅದರ ಔಟ್‌ಪುಟ್ ಇಂಪೀಡೆನ್ಸ್ (ಅದರ ಒಳಗಿನ ವಿದ್ಯುತ್ ತಡೆ) ಸಾಮಾನ್ಯವಾಗಿ ಹೆಚ್ಚಿರುವುದರಿಂದ ಸ್ಪೀಕರಿಗೆ ತಕ್ಕಂತೆ ನಾದದ ಸಮತೋಲವೇ ಬದಲಾಗುತ್ತದೆ. ಹಣ ಮಿತವಾಗಿದ್ದರೆ ಹೆಚ್ಚಿನ ಪಾಲನ್ನು ಸ್ಪೀಕರಿಗೇ ಇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ನಾದದ ಸೂಕ್ಷ್ಮ ನೆನಪು ಕೆಲವು ಸೆಕೆಂಡುಗಳಲ್ಲೇ ಮಾಸುವುದರಿಂದ ಅರ್ಧ ನಿಮಿಷದ ತುಣುಕುಗಳನ್ನು ಆರಿಸಿಕೊಂಡು ಬೇಗ ಬೇಗ ಬದಲಿಸಿ ಕೇಳಬೇಕು. ಬದಲಿಸುವ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿ, ಯಾವುದು ನುಡಿಯುತ್ತಿದೆ ಎಂದು ಅವರು ಹೇಳದಿರಲಿ. ‘ಬಾಸ್ ಚೆನ್ನಾಗಿದೆ’ ಎಂದು ಬರೆದರೆ ಮರುದಿನ ಅದರಿಂದ ಏನೂ ತಿಳಿಯದು. ‘ಪಲ್ಲವಿಯ ಎರಡನೇ ಸಾಲಿನಲ್ಲಿ ಎಡ ಮುಖದ ಜಾರು ಕೇಳಿತು, ಆದರೆ ಸದ್ದು ತಡವಾಗಿ ನಿಂತಿತು’ ಎಂದು ಬರೆದರೆ ಇನ್ನೊಂದು ಜೊತೆಯಲ್ಲಿ ಅದೇ ಸಾಲನ್ನು ಹುಡುಕಿ ಕೇಳಬಹುದು. ಅಂಗಡಿಯವರು ಒಂದು ವಾರದ ಮಟ್ಟಿಗೆ ಮನೆಗೆ ಕೊಡುವುದಾದರೆ, ಮೊದಲ ಎರಡು ದಿನ ಈ ಹೋಲಿಕೆಗಳನ್ನು ಮಾಡಿ ಮುಗಿಸಿ, ಉಳಿದ ದಿನ ಇಡೀ ಕಛೇರಿಗಳನ್ನು ಕೇಳಿ. ಒಂದು ಗಂಟೆಯ ನಂತರ ವಾಲ್ಯೂಮ್ ಇಳಿಸಬೇಕೆನಿಸಿದರೆ ಅದನ್ನೂ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.