ಕರೆಂಟ್ ಹೋಗಿ ಬಂದ ಮೇಲೂ ಪ್ರಿಂಟ್ ಬಂತು: ಒಂದೇ ಲ್ಯಾಪ್‌ಟಾಪಿನಲ್ಲಿ ಮಿಂಟ್, ವಿಂಡೋಸ್ ಎರಡೂ

"ಲಿನಕ್ಸಲ್ಲಿ ಈ ಪ್ರಿಂಟರ್ ಬರಲ್ಲ ಸಾರ್, ಸುಮ್ನೆ ಟೈಮ್ ವೇಸ್ಟ್ ಮಾಡ್ಕೋಬೇಡಿ" ಅಂತ ರಿಪೇರಿ ಹುಡುಗ ಹೇಳಿದ್ದ. ಪಕ್ಕದ ಅಂಗಡಿ ಅಣ್ಣನೂ ತಲೆಯಾಡಿಸಿದ್ದರು. ಈಗ ನಾಲ್ಕು ತಿಂಗಳಾಯಿತು. ಅದೇ ಪ್ರಿಂಟರು, ಅದೇ ಹಳೇ ಲ್ಯಾಪ್‌ಟಾಪು, ಲಿನಕ್ಸಿನಲ್ಲೇ (ವಿಂಡೋಸ್ ಥರದ್ದೇ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್, ನಾನು ಹಾಕಿಕೊಂಡಿದ್ದು ಅದರಲ್ಲಿ 'ಮಿಂಟ್' ಅನ್ನುವುದು) ದಿನಕ್ಕೆ 150-200 ಪುಟ ತೆಗೆಯುತ್ತಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ. ಪೆನ್‌ಡ್ರೈವ್ ಬೂಟ್ ಮಾಡೋದು (ಅದರಿಂದಲೇ ಕಂಪ್ಯೂಟರ್ ಶುರುಮಾಡೋದು), ಪಾರ್ಟಿಷನ್ ಮಾಡೋದು (ಡಿಸ್ಕನ್ನು ಭಾಗ ಮಾಡೋದು) ನಿಮಗೆ ಗೊತ್ತಿದೆ ಅಂದುಕೊಂಡು ಮುಂದಕ್ಕೆ ಹೋಗುತ್ತೇನೆ.

ತಿಪಟೂರಿನಲ್ಲಿ ಕೋರ್ಟಿನ ಹತ್ತಿರ ನನ್ನದು ಟೈಪಿಂಗ್, ಜೆರಾಕ್ಸ್ ಅಂಗಡಿ. ಅಫಿಡವಿಟ್, ಕ್ರಯಪತ್ರ, ಬಾಡಿಗೆ ಕರಾರು, ದಿನವಿಡೀ ಇದೇ ಕೆಲಸ. ಲ್ಯಾಪ್‌ಟಾಪು ಆರನೇ ಪೀಳಿಗೆಯ ಐ3, 4 ಜಿಬಿ ರ್‍ಯಾಮ್. 2017ರಲ್ಲಿ ಸುಮಾರು 27 ಸಾವಿರಕ್ಕೆ ತಂದಿದ್ದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ಪೀಳಿಗೆಯಿಂದ ಮೇಲಿನದೇ ಬೇಕು, ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು. ನನ್ನದಕ್ಕೆ ಆ ಯೋಗ ಇಲ್ಲ. ಹೊಸದಕ್ಕೆ 38 ಸಾವಿರ ಅಂದರು. ಪುಟಕ್ಕೆ 30 ರೂಪಾಯಿ ತೆಗೆದುಕೊಳ್ಳುವ ಅಂಗಡಿಯಲ್ಲಿ 38 ಸಾವಿರ ದುಡಿಯಲು ಎಷ್ಟು ಪುಟ ಟೈಪ್ ಮಾಡಬೇಕು, ನೀವೇ ಲೆಕ್ಕ ಹಾಕಿ.

ಹಾಗಂತ ವಿಂಡೋಸನ್ನು ಪೂರ್ತಿ ಬಿಡಲೂ ಆಗುವುದಿಲ್ಲ. ಹನ್ನೆರಡು ಹದಿಮೂರು ವರ್ಷದ ದಸ್ತಾವೇಜುಗಳು 'ನುಡಿ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿವೆ, ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡ್ ಅಲ್ಲ. "ಅವತ್ತಿನ ಕರಾರೇ ಕೊಡಪ್ಪಾ, ಹೆಸರು ಬದಲಿಸಿದ್ರೆ ಸಾಕು" ಅಂತ ವಕೀಲರು ಬಂದು ನಿಂತಾಗ ಅದನ್ನು ತೆರೆಯಲೇಬೇಕು. ಆದ್ದರಿಂದ ಎರಡೂ ಇರಬೇಕು ಅಂತ ತೀರ್ಮಾನಿಸಿದೆ.

ಮೊದಲ ಸಲ ಮಾಡಿದ್ದು ಪೂರ್ತಿ ಕೆಟ್ಟಿತು. ಇದ್ದ ಹಾರ್ಡ್ ಡಿಸ್ಕಿನಲ್ಲೇ 60 ಜಿಬಿ ಕತ್ತರಿಸಿ ಮಿಂಟ್ 22ರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದೆ. ಪೆನ್‌ಡ್ರೈವ್ ಬೂಟ್ ಆಗಲಿಲ್ಲ ಅಂತ ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗ್) ಲೆಗಸಿ, ಅಂದರೆ ಹಳೇ ಬೂಟ್ ವಿಧಾನ ಆನ್ ಮಾಡಿದ್ದೆ. ಅಲ್ಲೇ ತಪ್ಪಾಯಿತು. ವಿಂಡೋಸ್ ಇದ್ದದ್ದು ಹೊಸ ವಿಧಾನವಾದ ಯುಇಎಫ್‌ಐನಲ್ಲಿ, ಮಿಂಟ್ ಹೋಗಿ ಕೂತಿದ್ದು ಲೆಗಸಿಯಲ್ಲಿ. ಲೆಗಸಿ ಆನ್ ಇದ್ದರೆ ಮಿಂಟ್ ಮಾತ್ರ ಬರುತ್ತದೆ, ಆಫ್ ಮಾಡಿದರೆ ವಿಂಡೋಸ್ ಮಾತ್ರ. ಎರಡನ್ನೂ ತೋರಿಸುವ ಮೆನುವೇ ಇಲ್ಲ. ಸೋಮವಾರ ಬೆಳಿಗ್ಗೆ ಬಾಗಿಲಲ್ಲಿ ನಾಲ್ಕು ಜನ ಕಾಯುತ್ತಿದ್ದಾರೆ, ನಾನು ಬಯೋಸ್‌ನಲ್ಲಿ ಒಳಗೆ ಹೊರಗೆ ಓಡಾಡುತ್ತಿದ್ದೇನೆ. ಅವತ್ತು ಏನಿಲ್ಲವೆಂದರೂ 900 ರೂಪಾಯಿಯ ಕೆಲಸ ಪಕ್ಕದ ಅಂಗಡಿಗೆ ಹೋಯಿತು. ಈಗ ಲೈವ್ ಪೆನ್‌ಡ್ರೈವ್ ತೆರೆದ ಕೂಡಲೇ ಟರ್ಮಿನಲ್‌ಗೆ (ಕಮಾಂಡ್ ಬರೆಯುವ ಕಿಟಕಿ) ಹೋಗಿ 'ಸಿಸ್' ಒಳಗಿನ 'ಫರ್ಮ್‌ವೇರ್'ನಲ್ಲಿ 'ಇಎಫ್‌ಐ' ಫೋಲ್ಡರ್ ಇದೆಯಾ ಅಂತ ನೋಡುತ್ತೇನೆ. ಇದ್ದರೆ ಯುಇಎಫ್‌ಐನಲ್ಲೇ ಬೂಟ್ ಆಗಿದೆ ಅಂತ ಮುಂದೆ, ಇಲ್ಲದಿದ್ದರೆ ಅಲ್ಲೇ ನಿಲ್ಲಿಸಿ ಪೆನ್‌ಡ್ರೈವನ್ನು ಮತ್ತೆ ಬರೆಯುತ್ತೇನೆ.

ಎರಡನೇ ಸಲ ದುಡ್ಡು ಹಾಕಿದೆ. 240 ಜಿಬಿ ಎಸ್‌ಎಸ್‌ಡಿ, ಸುಮಾರು 1,800. ಅದನ್ನು ಹಾರ್ಡ್ ಡಿಸ್ಕಿನ ಜಾಗಕ್ಕೆ ಹಾಕಿ, ವಿಂಡೋಸ್ ಇದ್ದ ಹಾರ್ಡ್ ಡಿಸ್ಕನ್ನು ಡಿವಿಡಿ ಡ್ರೈವ್ ತೆಗೆದ ಜಾಗಕ್ಕೆ ಕ್ಯಾಡಿಯಲ್ಲಿ (ಡಿಸ್ಕ್ ಹಿಡಿಯುವ ಚೌಕಟ್ಟು) ಕೂರಿಸೋದು ಅಂತ ಯೋಜನೆ. ಕ್ಯಾಡಿ 350 ರೂಪಾಯಿ. ಬಂದಿದ್ದು 12.7 ಮಿಲಿಮೀಟರಿನದು, ನನ್ನ ಲ್ಯಾಪ್‌ಟಾಪಿಗೆ ಬೇಕಾಗಿದ್ದು 9.5. ವಾಪಸ್ ಕೊಡುವ ದಿನ ಮುಗಿದಿತ್ತು. ಇನ್ನೊಂದು 350 ಹೋಯಿತು. ಕ್ಯಾಡಿ ತರಿಸುವ ಮೊದಲು ಡಿವಿಡಿ ಡ್ರೈವನ್ನು ಹೊರಗೆ ಎಳೆದು ದಪ್ಪ ಅಳೆಯಿರಿ.

ಎರಡು ಡಿಸ್ಕ್ ಇದ್ದರೆ ಗೊಂದಲವೇ ಇಲ್ಲ ಅಂದುಕೊಂಡಿದ್ದೆ. ಎಸ್‌ಎಸ್‌ಡಿಯನ್ನೇ ಆರಿಸಿ ಇನ್‌ಸ್ಟಾಲ್ ಮಾಡಿದರೂ ಮಿಂಟಿನ ಇನ್‌ಸ್ಟಾಲರ್ ಬೂಟ್ ಫೈಲುಗಳನ್ನು ವಿಂಡೋಸ್ ಡಿಸ್ಕಿನ ಇಎಫ್‌ಐ ಪಾರ್ಟಿಷನ್ನಿಗೆ ಹಾಕಿಬಿಟ್ಟಿತ್ತು. ಹಾರ್ಡ್ ಡಿಸ್ಕ್ ಬಿಚ್ಚಿದರೆ ಮಿಂಟೂ ಬರಲ್ಲ. ಮೂರನೇ ಸಲ ಕ್ಯಾಡಿಯನ್ನೇ ಹೊರಗೆ ಎಳೆದಿಟ್ಟು, ಒಳಗೆ ಎಸ್‌ಎಸ್‌ಡಿ ಒಂದೇ ಇರುವಂತೆ ಮಾಡಿ ಹಾಕಿದೆ. ಆಮೇಲೆ ಕ್ಯಾಡಿ ತಳ್ಳಿ, ಮಿಂಟಿನಿಂದ ಗ್ರಬ್ (ಯಾವುದು ಬೂಟ್ ಆಗಬೇಕು ಅಂತ ಕೇಳುವ ಮೆನು) ಅಪ್‌ಡೇಟ್ ಕೊಟ್ಟೆ. ವಿಂಡೋಸ್ ತಾನಾಗಿಯೇ ಮೆನುಗೆ ಬಂತು. ಬೂಟ್ ಕ್ರಮ ಬದಲಿಸಲು ಬಯೋಸ್‌ಗೆ ಹೋದರೆ ಅಲ್ಲಿ 'ಮಿಂಟ್' ಅನ್ನುವ ಹೆಸರೇ ಇರಲಿಲ್ಲ, 'ಉಬುಂಟು' ಅಂತ ಇತ್ತು. ಗಾಬರಿಯಾಗಬೇಡಿ, ಅದೇ ಮಿಂಟ್. ಅದನ್ನು ಮೇಲಕ್ಕೆ ತಂದೆ. ವಿಂಡೋಸ್ ಡಿಸ್ಕಿನ ಒಂದು ಬೈಟನ್ನೂ ಮುಟ್ಟದೆ ಆಗುವ ದಾರಿ ಇದೊಂದೇ ಅಂತ ನನ್ನ ಅಭಿಪ್ರಾಯ. ಸ್ಕ್ರೂ ಡ್ರೈವರ್ ಹಿಡಿಯಲು ಬೇಸರ ಪಡಬಾರದು ಅಷ್ಟೇ.

ಅದಾದ ಮೇಲೆ ಸಣ್ಣಪುಟ್ಟವು. ಮಿಂಟಿನಿಂದ ವಿಂಡೋಸ್ ಡಿಸ್ಕಿನ ಫೈಲು ತೆರೆಯುತ್ತಿತ್ತು, ಸೇವ್ ಆಗುತ್ತಿರಲಿಲ್ಲ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಕಾರಣ. ಶಟ್‌ಡೌನ್ ಮಾಡಿದರೂ ಅದು ಪೂರ್ತಿ ಮುಚ್ಚದೆ ಅರ್ಧ ನಿದ್ದೆಗೆ ಹೋಗಿರುತ್ತದೆ, ಹಾಗಾಗಿ ಲಿನಕ್ಸ್ ಆ ಡಿಸ್ಕನ್ನು ಓದಲು ಮಾತ್ರ ಬಿಡುತ್ತದೆ. ವಿಂಡೋಸಿನಲ್ಲಿ ಹೈಬರ್ನೇಷನ್ನನ್ನೇ ಆಫ್ ಮಾಡಿದೆ, ಸರಿಹೋಯಿತು. ಇನ್ನೊಂದು ಗಡಿಯಾರದ್ದು. ಬೆಳಿಗ್ಗೆ 10:40 ಆಗಿದ್ದರೆ ವಿಂಡೋಸ್ 5:10 ತೋರಿಸುತ್ತಿತ್ತು. ಸರಿಯಾಗಿ ಐದೂವರೆ ಗಂಟೆ ಹಿಂದೆ. ಮದರ್‌ಬೋರ್ಡಿನ ಸೆಲ್ ಹೋಗಿದೆ ಅಂತ 40 ರೂಪಾಯಿಯ ಸೆಲ್ ಬದಲಿಸಿದೆ, ಹಾಗೇ ಇತ್ತು. ಆಮೇಲೆ ಹೊಳೆಯಿತು. ಐದೂವರೆ ಗಂಟೆ ಅಂದರೆ ನಮ್ಮ ಭಾರತದ ಸಮಯಕ್ಕೂ ಯುಟಿಸಿಗೂ (ಜಗತ್ತಿಗೆಲ್ಲ ಒಂದೇ ಆಧಾರ ಸಮಯ) ಇರುವ ಅಂತರ ಅಲ್ವಾ? ಲಿನಕ್ಸ್ ಮದರ್‌ಬೋರ್ಡಿನ ಗಡಿಯಾರದಲ್ಲಿ ಯುಟಿಸಿ ಬರೆದಿಡುತ್ತದೆ, ವಿಂಡೋಸ್ ಅದನ್ನೇ ಊರಿನ ಸಮಯ ಅಂತ ಓದುತ್ತದೆ. ಲಿನಕ್ಸಿನ 'ಟೈಮ್‌ಡೇಟ್‌ಸಿಟಿಎಲ್' ಕಮಾಂಡಿನಲ್ಲಿ 'ಸೆಟ್-ಲೋಕಲ್-ಆರ್‌ಟಿಸಿ'ಗೆ 1 ಕೊಟ್ಟೆ, ಮುಗಿಯಿತು.

ವೈಫೈ ಮಾತ್ರ ಬಹಳ ದಿನ ತಿಂದಿತು. ರೂಟರ್ ಆರು ಅಡಿ ದೂರದಲ್ಲಿದೆ, ಮಿಂಟಿನಲ್ಲಿ ಸಿಗ್ನಲ್ ಒಂದೇ ಕಡ್ಡಿ. ಡ್ರೈವರ್ ಸರಿ ಇಲ್ಲ ಅಂದುಕೊಂಡು 450 ರೂಪಾಯಿಯ ಯುಎಸ್‌ಬಿ ಡಾಂಗಲ್ ತಂದೆ. ಡಬ್ಬದ ಮೇಲೆ ಲಿನಕ್ಸ್ ಅಂತ ಬರೆದಿತ್ತು. ಒಳಗೆ ನೋಡಿದರೆ ಡ್ರೈವರನ್ನು ನಾವೇ ಕಂಪೈಲ್ ಮಾಡಬೇಕು, ಅಂದರೆ ಮೂಲ ಕೋಡಿನಿಂದ ತಯಾರಿಸಿಕೊಳ್ಳಬೇಕು. ಫೋನಿನ ಇಂಟರ್‌ನೆಟ್ಟನ್ನು ಯುಎಸ್‌ಬಿ ಕೇಬಲ್‌ನಲ್ಲಿ ಕೊಟ್ಟು ಎಲ್ಲ ಇಳಿಸಿ ಕಂಪೈಲ್ ಮಾಡಿದೆ. ಸೆಕ್ಯೂರ್ ಬೂಟ್ (ಸಹಿ ಇಲ್ಲದ ಡ್ರೈವರನ್ನು ಒಳಗೆ ಬಿಡದ ಕಾವಲು) ಆನ್ ಇದ್ದದ್ದರಿಂದ ಅದು ಲೋಡ್ ಆಗಲಿಲ್ಲ. ರೀಬೂಟ್ ಮಾಡಿದಾಗ ಕೀ ಸೇರಿಸಲು ಕೇಳುವ ನೀಲಿ ಪರದೆ ಬರುತ್ತದಲ್ಲ, ನಾನು ಗಿರಾಕಿಗೆ ಚಿಲ್ಲರೆ ಕೊಡುವಷ್ಟರಲ್ಲಿ ಅದು ಹೋಗಿಬಿಟ್ಟಿತ್ತು. ಎರಡನೇ ಸಲ ಅಲ್ಲೇ ಕೂತು ಮಾಡಿದೆ, ಓಡಿತು. ಎರಡು ವಾರಕ್ಕೆ ಕರ್ನಲ್ (ಲಿನಕ್ಸಿನ ತಿರುಳು) ಅಪ್‌ಡೇಟ್ ಬಂತು, ಮತ್ತೆ ಸತ್ತಿತು. ಹೊರಗಿನಿಂದ ತಂದ ಡ್ರೈವರಿಗೆ ನಾನು ಇನ್ನು ಕೈ ಹಾಕಲ್ಲ. ಕರ್ನಲ್‌ನಲ್ಲೇ ಇರುವುದನ್ನು ಸರಿಮಾಡಿಕೊಳ್ಳುವುದೇ ವಾಸಿ.

ಆಗ 'ಎಲ್‌ಎಸ್‌ಪಿಸಿಐ' ಕಮಾಂಡ್ ಕೊಟ್ಟು ಲ್ಯಾಪ್‌ಟಾಪಿನ ವೈಫೈ ಚಿಪ್ ಯಾವುದು ನೋಡಿದೆ. 8723ಬಿಇ. ಇದರ ಡ್ರೈವರ್ ಕರ್ನಲ್‌ನಲ್ಲೇ ಇದೆ, ಲೋಡೂ ಆಗಿದೆ. ಹಾಗಾದರೆ ಸಿಗ್ನಲ್ ಯಾಕಿಲ್ಲ? ತಳ ಬಿಚ್ಚಿದೆ. ವೈಫೈ ಕಾರ್ಡ್ ಹೆಬ್ಬೆರಳಿನ ಎರಡು ಗೆಣ್ಣಿನಷ್ಟಿದೆ. ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ದಪ್ಪದ ಎರಡು ಚಿನ್ನದ ಬಣ್ಣದ ಗುಂಡಿಗಳು, ಆ್ಯಂಟೆನಾ ವೈರ್ ಸಿಕ್ಕಿಸಲು. ಒಂದಕ್ಕೆ ಮಾತ್ರ ಕಪ್ಪು ವೈರ್ ಸಿಕ್ಕಿಸಿದೆ, ಇನ್ನೊಂದು ಬೋಳು. ಡ್ರೈವರ್ ಆ ಬೋಳು ಗುಂಡಿಗೆ ಕಿವಿ ಕೊಟ್ಟುಕೊಂಡು ಕೂತಿತ್ತು!

ಖಾತ್ರಿ ಮಾಡಿಕೊಳ್ಳೋಣ ಅಂತ ವೈರನ್ನು ಉಗುರಿನಲ್ಲಿ ಮೆಲ್ಲಗೆ ಎತ್ತಿ ಪಕ್ಕದ ಗುಂಡಿಗೆ ಒತ್ತಿದೆ. ಮಿಂಟಿನಲ್ಲಿ ಸಿಗ್ನಲ್ ಮೈನಸ್ 85 ಇದ್ದದ್ದು ಮೈನಸ್ 48ಕ್ಕೆ ಬಂತು (ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಜೋರು). ಆದರೆ ವಿಂಡೋಸಿನಲ್ಲಿ ಕಡ್ಡಿ ಬಿತ್ತು. ಹಾಗಾಗಿ ವೈರನ್ನು ಇದ್ದಲ್ಲಿಗೇ ಹಾಕಿ ಡ್ರೈವರಿಗೆ ಹೇಳಿದೆ. ಡ್ರೈವರ್ ಸೆಟ್ಟಿಂಗ್ ಇಡುವ 'ಮಾಡ್‌ಪ್ರೋಬ್.ಡಿ' ಫೋಲ್ಡರಿನಲ್ಲಿ ಒಂದು ಫೈಲು, ಅದರಲ್ಲಿ ಒಂದೇ ಸಾಲು: ಈ ಡ್ರೈವರಿಗೆ 'ಆ್ಯಂಟ್_ಸೆಲ್' (ಯಾವ ಆ್ಯಂಟೆನಾ ಅನ್ನುವ ಆಯ್ಕೆ) 2. ಮೊದಲು 1 ಕೊಟ್ಟು ನೋಡಿದೆ, ಏನೂ ಆಗಲಿಲ್ಲ, 2ಕ್ಕೆ ಬಂತು. ನಿಮ್ಮದರಲ್ಲಿ ತಿರುಗುಮುರುಗು ಇರಬಹುದು. 450 ರೂಪಾಯಿಯ ಡಾಂಗಲ್ ಈಗ ಡ್ರಾಯರಿನಲ್ಲಿದೆ.

ಈಗ ಪ್ರಿಂಟರು. ನಮ್ಮಂಥ ಅಂಗಡಿಗಳಲ್ಲಿ ಅರ್ಧಕ್ಕರ್ಧ ಕಡೆ ಕಾಣುವ ಬಿಳಿ ಬಣ್ಣದ ಪುಟ್ಟ ಲೇಸರ್. ಹೆಸರು ಬೇಡ. ಒಂದು ಸಂಜೆ ವಿಂಡೋಸಿನಲ್ಲಿ ಕೆಲಸ ಮುಗಿಸಿ ಮಿಂಟಿಗೆ ಬಂದು ಪ್ರಿಂಟ್ ಕೊಟ್ಟೆ. ಬಂತು! ಮನೆಯವಳಿಗೆ ಫೋನ್ ಮಾಡಿ ಹೇಳಿದೆ. ಮರುದಿನ ಬೆಳಿಗ್ಗೆ ಕೊಟ್ಟರೆ ಇಲ್ಲ. ಕ್ಯೂನಲ್ಲಿ ಪುಟ ಹೋಗುತ್ತದೆ, 'ಮುಗಿಯಿತು' ಅನ್ನುತ್ತದೆ, ಪ್ರಿಂಟರ್ ಕಲ್ಲಿನ ಹಾಗೆ ಕೂತಿರುತ್ತದೆ. ವಿಂಡೋಸಿಗೆ ಹೋಗಿ ಒಂದು ಪುಟ ತೆಗೆದು ಮತ್ತೆ ಮಿಂಟಿಗೆ ಬಂದರೆ ಸಲೀಸಾಗಿ ಬರುತ್ತದೆ. ಮೂರು ದಿನ ಇದೇ ಆಟ. ಕೇಬಲ್ ಬದಲಿಸಿದೆ, 120 ರೂಪಾಯಿ. ಮಿಂಟನ್ನೇ ಇನ್ನೊಂದು ಸಲ ಹಾಕಿದೆ, ಅರ್ಧ ದಿನ.

ನಾಲ್ಕನೇ ದಿನ ಮಧ್ಯಾಹ್ನ ಮಿಂಟಿನಲ್ಲಿ ಚೆನ್ನಾಗಿ ಪ್ರಿಂಟ್ ಬರುತ್ತಿತ್ತು, ಕರೆಂಟ್ ಹೋಯಿತು. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಹಾಕಲು ಆಗಲ್ಲ, ಒಳಗಿನ ಹೀಟರ್ ಎಳೆತಕ್ಕೆ ಸಣ್ಣ ಯುಪಿಎಸ್ ತಡೆಯಲ್ಲ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಲೇ ಇತ್ತು. ಕರೆಂಟ್ ಬಂತು, ಪ್ರಿಂಟ್ ಇಲ್ಲ. ಲಿನಕ್ಸಿನಲ್ಲಿ ಏನೂ ಬದಲಾಗಿಲ್ಲ, ಬದಲಾಗಿದ್ದು ಪ್ರಿಂಟರ್ ಒಂದೇ. ಅಲ್ಲಿಗೆ ಸಿಕ್ಕಿಬಿತ್ತು. ಈ ಪ್ರಿಂಟರಿನ ಫರ್ಮ್‌ವೇರ್ (ಅದನ್ನು ನಡೆಸುವ ಸಾಫ್ಟ್‌ವೇರ್) ಅದರೊಳಗೆ ಉಳಿಯಲ್ಲ. ಆಫ್ ಆದರೆ ಹೋಯಿತು, ಪ್ರತಿ ಸಲ ಕಂಪ್ಯೂಟರೇ ಕಳಿಸಬೇಕು. ವಿಂಡೋಸ್ ಕಳಿಸಿದ್ದರ ಮೇಲೆ ಮಿಂಟ್ ಇಷ್ಟು ದಿನ ಓಡುತ್ತಿತ್ತು.

'ಫೂ2ಝಡ್‌ಜೆಎಸ್' ಡ್ರೈವರ್ ಹಾಕಿದೆ, ಅದರ ಜೊತೆಗೆ ಬರುವ ಸ್ಕ್ರಿಪ್ಟಿನಿಂದ ಫರ್ಮ್‌ವೇರ್ ಇಳಿಸಿದೆ. ಆದರೂ ಒಂದು ಸಲ ಬರುತ್ತದೆ, ಒಂದು ಸಲ ಇಲ್ಲ. ಮಿಂಟಿನಲ್ಲಿ ಮೊದಲೇ ಇದ್ದ ಇನ್ನೊಂದು ಪ್ರಿಂಟರ್ ಪ್ಯಾಕೇಜೂ ಅದೇ ಪ್ರಿಂಟರಿಗೆ ಕೈ ಹಾಕುತ್ತಿತ್ತು. ಆ ಪ್ಯಾಕೇಜ್ ತೆಗೆದುಹಾಕಿದೆ. ಈಗ ಪ್ರಿಂಟರ್ ಸ್ವಿಚ್ ಹಾಕಿದ ಎರಡು ಮೂರು ಸೆಕೆಂಡಿಗೆ ಒಳಗೆ ರೋಲರ್ ಗರ್ ಅಂತ ತಿರುಗುತ್ತದೆ. ಆ ಸದ್ದು ಬಂದರೆ ಫರ್ಮ್‌ವೇರ್ ಹೋಯಿತು ಅಂತ ಅರ್ಥ. ಯುಡೆವ್ ನಿಯಮದಲ್ಲಿ (ಪ್ರಿಂಟರ್ ಆನ್ ಆದ ಕೂಡಲೇ ಲಿನಕ್ಸ್ ಏನು ಮಾಡಬೇಕು ಅಂತ ಹೇಳುವುದು) ನಾನು ಒಂದು ಸಾಲು ಸೇರಿಸಿದ್ದೇನೆ, ಅದರಿಂದಲೇ ನೂರಕ್ಕೆ ನೂರು ಸಲ ಬರುತ್ತಿದೆ. ಅದು ಅಂಗಡಿಯ ಗುಟ್ಟು, ಇಲ್ಲಿ ಬರೆಯಲ್ಲ.

ಕನ್ನಡ ಟೈಪಿಂಗಿಗೆ ಏನೂ ಕಷ್ಟವಾಗಲಿಲ್ಲ. ಐಬಸ್‌ನಲ್ಲಿ (ಲಿನಕ್ಸಿನಲ್ಲಿ ಬೇರೆ ಭಾಷೆ ಟೈಪ್ ಮಾಡುವ ಸಾಧನ) ಎಂ17ಎನ್ ಪ್ಯಾಕೇಜ್ ಹಾಕಿ ಕೆಜಿಪಿ ಕೀಲಿಮಣೆ ವಿನ್ಯಾಸ ಆರಿಸಿದರೆ ಬೆರಳು ನುಡಿಯಲ್ಲಿ ಹೋದ ಹಾಗೇ ಹೋಗುತ್ತದೆ. ಗುಬ್ಬಿ, ನವಿಲು ಫಾಂಟುಗಳು ಪ್ಯಾಕೇಜಿನಲ್ಲೇ ಸಿಗುತ್ತವೆ. ನುಡಿಯನ್ನೇ ವೈನ್‌ನಲ್ಲಿ (ವಿಂಡೋಸ್ ಸಾಫ್ಟ್‌ವೇರನ್ನು ಲಿನಕ್ಸಿನಲ್ಲಿ ನಡೆಸುವ ಸಾಧನ) ಓಡಿಸಲು ಒಂದು ಭಾನುವಾರ ಪೂರ್ತಿ ಕೂತಿದ್ದೆ. ಕಿಟಕಿ ತೆರೆಯಿತು, ಆದರೆ ಟೈಪ್ ಮಾಡುವ ಲಿಬ್ರೆ ಆಫೀಸಿಗೆ (ಎಂಎಸ್ ಆಫೀಸ್ ಥರದ್ದು) ಅಕ್ಷರ ಹೋಗಲಿಲ್ಲ. ಬಿಟ್ಟೆ. ಅದಕ್ಕೆ ವಿಂಡೋಸ್ ಇದೆಯಲ್ಲ.

ನೆನಪಿರುವಷ್ಟು ಲೆಕ್ಕ: ಎಸ್‌ಎಸ್‌ಡಿ, ಎರಡು ಕ್ಯಾಡಿ, ಡಾಂಗಲ್, ಕೇಬಲ್, ಸೆಲ್ ಸೇರಿ 3,100 ಚಿಲ್ಲರೆ. ಅದರಲ್ಲಿ ಸಾವಿರದ ಹತ್ತಿರ ದಂಡ. ಹೋದ ಕೆಲಸದ್ದು ಬೇರೆ. 38 ಸಾವಿರದ ಮುಂದೆ ಇದು ಏನೂ ಅಲ್ಲ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ.

ಹೋದ ವಾರ ಪಕ್ಕದ ಅಂಗಡಿ ಅಣ್ಣ ಬಂದು ಕೂತಿದ್ದಾಗ ಕರೆಂಟ್ ಹೋಗಿ ಬಂತು. ಪ್ರಿಂಟರ್ ಗರ್ ಅಂತು. ಅರ್ಧಕ್ಕೆ ನಿಂತಿದ್ದ ಕ್ರಯಪತ್ರದ ಏಳು ಪುಟ ಒಂದರ ಹಿಂದೆ ಒಂದು ಬಂದವು. ಅವರು ಸ್ವಲ್ಪ ಹೊತ್ತು ನೋಡಿ, "ನಂದೂ ಒಂದ್ ಮಾಡ್ಕೊಡಪ್ಪಾ" ಅಂದರು. ಈ ಭಾನುವಾರ ಅವರ ಲ್ಯಾಪ್‌ಟಾಪ್ ಬಿಚ್ಚುತ್ತಿದ್ದೇನೆ. ಡಿವಿಡಿ ಡ್ರೈವ್ ಎಳೆದು ಆಗಲೇ ಅಳೆದಾಯಿತು, 12.7 ಮಿಲಿಮೀಟರ್. ದಂಡವಾಗಿದ್ದ ಮೊದಲನೇ ಕ್ಯಾಡಿ ಅದಕ್ಕೆ ಸರಿಯಾಗಿ ಕೂತಿತು.