ಪ್ಯಾನೆಲ್ ಮನೆ, ಕೊಡಗಿನ ಮಳೆ: ಸಂದಿ ಬಂದೋಬಸ್ತು ಮಾಡಿದ ಬಗೆ

ಕಾಫಿ ತೋಟದ ಕೆಲಸಗಾರರ ಸಾಲುಮನೆಗೆ (ಲೈನ್‌ಮನೆಗೆ) ಬದಲಾಗಿ ನಮ್ಮ ವಿದ್ಯಾರ್ಥಿಗಳು ವರ್ಕ್‌ಶಾಪಿನಲ್ಲೇ ಗೋಡೆ ತಯಾರಿಸಿ, ಜಾಗದಲ್ಲಿ ಬೋಲ್ಟ್ ಹಾಕಿ ನಿಲ್ಲಿಸುವ ಮನೆ ಇದು. ಉದ್ದ 20 ಅಡಿ, ಅಗಲ 16 ಅಡಿ. ಹೊರಗೋಡೆಗೆ 4×8 ಅಡಿಯ 18 ಪ್ಯಾನೆಲ್: ಬಾಗಿಲಿನವು 2, ಕಿಟಕಿಯವು 4, ಬರೀ ಗೋಡೆ 12. ನಾಲ್ಕನೆಯ ನಮೂನೆ ಬೇಡ. ನಮೂನೆ ಹೆಚ್ಚಿದಷ್ಟೂ ಜಿಗ್ (ಒಂದೇ ಅಳತೆಗೆ ಚೌಕಟ್ಟು ಹಿಡಿದಿಡುವ ಅಚ್ಚು) ಹೆಚ್ಚು, ಖರ್ಚೂ ಹೆಚ್ಚು.

ಚೌಕಟ್ಟಿಗೆ 3×2 ಇಂಚಿನ ಸಿಲ್ವರ್ ಓಕ್, ಔಷಧಿ ಹಿಡಿಸಿ ನೆರಳಲ್ಲಿ ಒಣಗಿಸಿದ್ದು. ಹೊರಮೈಗೆ 12 ಮಿ.ಮೀ. ಸಿಮೆಂಟ್ ಬೋರ್ಡ್. ಒಂದು ಬೋರ್ಡೇ ಸುಮಾರು 43 ಕೆ.ಜಿ. ತೂಗುತ್ತದೆ. ಅದಕ್ಕೇ ಒಳಮೈಯ ಬಿದಿರು ತಟ್ಟಿಯನ್ನು ಜಾಗಕ್ಕೆ ಹೋದ ಮೇಲೆ ಹೊಡೆಯುತ್ತೇವೆ. ಪಿಕಪ್ ನಿಲ್ಲುವ ಕಡೆಯಿಂದ ತೋಟದೊಳಗೆ ಹೊರುವವರು ನಾಲ್ಕೇ ಜನ. ಚೌಕಟ್ಟು ಬಿಗಿಯುವ ಮೊದಲು ಕರ್ಣ ಅಳೆಯಬೇಕು. 1220×2440 ಮಿ.ಮೀ. ಪ್ಯಾನೆಲ್‌ಗೆ ಎರಡೂ ಕರ್ಣ 2728 ಬರಬೇಕು. ಒಂದರಲ್ಲಿ 3 ಮಿ.ಮೀ. ತಪ್ಪಿದರೆ ಐದನೆಯ ಪ್ಯಾನೆಲ್ ಹೊತ್ತಿಗೆ ಬೋಲ್ಟ್ ತೂತು ಒಂದಕ್ಕೊಂದು ಕೂಡುವುದಿಲ್ಲ.

ತಟ್ಟಿಗೆ ಮೂರು ವರ್ಷ ದಾಟಿದ ಬಿದಿರೇ ಆಗಬೇಕು, ಮಳೆಗಾಲ ಮುಗಿದ ಮೇಲೆ ಕಡಿದದ್ದು. ಎಳೆ ಬಿದಿರಲ್ಲಿ ಪಿಷ್ಟ ಹೆಚ್ಚು, ಕುಟ್ಟೆ ಹುಳು ಬೇಗ ಹತ್ತುತ್ತದೆ. 100 ಲೀಟರ್ ನೀರಿಗೆ 3 ಕೆ.ಜಿ. ಬೋರಾಕ್ಸ್, 2 ಕೆ.ಜಿ. ಬೋರಿಕ್ ಆಸಿಡ್ ಕರಗಿಸಿ, ಗೆಣ್ಣುಗಳನ್ನು ಸರಳಿನಿಂದ ತೂತು ಹೊಡೆದ ಬಿದಿರನ್ನು ಒಂದು ವಾರಕ್ಕೂ ಮೇಲೆ ಮುಳುಗಿಸಿಡುತ್ತೇವೆ. ಈ ಔಷಧಿ ಮಳೆನೀರಿಗೆ ತೊಳೆದುಹೋಗುತ್ತದೆ. ನೋಡಲು ಚೆಂದವೆಂದು ಬಿದಿರನ್ನು ಹೊರಗೋಡೆಗೆ ಹಾಕುವ ನಕ್ಷೆ ಕೊಡಗಿಗೆ ಹೇಳಿದ್ದಲ್ಲ.

ನಿಜವಾದ ಕೆಲಸ ಇರುವುದು ಸಂದಿಯಲ್ಲಿ. ಮಾರ್ಚ್‌ನ ಒಣಹವೆಯಲ್ಲಿ ಪ್ಯಾನೆಲ್‌ಗಳನ್ನು ಒತ್ತೊತ್ತಾಗಿ ಬಿಗಿದರೆ ಜುಲೈನಲ್ಲಿ ಮರ ಉಬ್ಬಿ ಗೋಡೆ ಹೊಟ್ಟೆ ಬಿಡುತ್ತದೆ. ಸಂದಿಗೆ ತುಂಬುವ ಸಿಲಿಕೋನ್ ಅಂಟು ಒಂದನ್ನೇ ನಂಬಿದರೆ ಅದು ಅಂಚಿನಿಂದ ಬಿಟ್ಟುಕೊಂಡು, ಗಾಳಿ ತಳ್ಳಿದ ನೀರು ಚೌಕಟ್ಟಿಗೆ ಇಳಿಯುತ್ತದೆ. ಪ್ಯಾನೆಲ್ ನಡುವೆ 3 ಮಿ.ಮೀ. ಬಿಟ್ಟು, ಅಲ್ಲಿಗೆ ರಬ್ಬರ್ ಪಟ್ಟಿ, ಮೂರು ಕಡೆ 10 ಮಿ.ಮೀ. ಬೋಲ್ಟ್, ಹೊರಗಿನಿಂದ ಸಂದಿ ಮುಚ್ಚುವ ಮರದ ಪಟ್ಟಿ. ಆ ಪಟ್ಟಿಯ ಸ್ಕ್ರೂ ಒಂದೇ ಪ್ಯಾನೆಲ್‌ಗೆ ಕಚ್ಚಬೇಕು. ಎರಡಕ್ಕೂ ಹೊಡೆದರೆ ಮರ ಅಲುಗಾಡಿದಾಗ ಪಟ್ಟಿಯೇ ಸೀಳುತ್ತದೆ. ಪ್ಯಾನೆಲ್‌ನ ಬುಡಕ್ಕೆ ಮಡಚಿದ ತಗಡು, ನೀರು ಹೊರಕ್ಕೇ ತೊಟ್ಟಿಕ್ಕುವಂತೆ.

ಮಾಡಿಗೆ 25 ಡಿಗ್ರಿ ಇಳಿಜಾರು, 3 ಅಡಿ ಸೂರು. ನೆತ್ತಿಯಿಂದ ಸೂರಿನವರೆಗೆ ನಡುವೆ ಜೋಡಣೆಯಿಲ್ಲದ ಹನ್ನೆರಡೂವರೆ ಅಡಿಯ ಒಂದೇ ಶೀಟು. ಸ್ಕ್ರೂ ಶೀಟಿನ ಏರಿನ ಮೇಲೆ ಹೊಡೆಯಬೇಕು, ತಗ್ಗಿನಲ್ಲಿ ಅಲ್ಲ. ಸ್ಕ್ರೂ ಕೆಳಗಿನ ರಬ್ಬರ್ ವಾಷರ್ ತುಸು ಅದುಮಿದರೆ ಸಾಕು, ಹೊರಗೆ ಹಿಂಡಿ ಬಂದರೆ ಬಿಸಿಲಿಗೆ ಬಿರಿದು ಸೋರುತ್ತದೆ.

ಮನೆಗಾಗಿ ಇಳಿಜಾರು ಕಡಿದು ಮಟ್ಟ ಮಾಡುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕುಸಿದ ಗುಡ್ಡಗಳನ್ನು ನೋಡಿದವರಿಗೆ ಕಾರಣ ಹೇಳಬೇಕಿಲ್ಲ. ಗಟ್ಟಿಮಣ್ಣು ಸಿಗುವವರೆಗೆ ಗುಂಡಿ ತೋಡಿ ಕಾಂಕ್ರೀಟ್ ಗಿಡ್ಡಗಂಬ. ಮೇಲುಬದಿಯಲ್ಲೂ ನೆಲದಿಂದ ಒಂದೂವರೆ ಅಡಿ ಎತ್ತರ. ಕಂಬದ ತಲೆಗೆ ಎರಡಿಂಚು ಹೊರಚಾಚಿ ಕೆಳಕ್ಕೆ ಬಾಗಿಸಿದ ತಗಡಿನ ಟೊಪ್ಪಿ. ಗೆದ್ದಲು ಅದನ್ನು ದಾಟಲು ಕಟ್ಟುವ ಮಣ್ಣಿನ ದಾರಿ ಆಗ ಕಣ್ಣಿಗೆ ಬೀಳುತ್ತದೆ.

ಕಾಫಿ ಕೊಯ್ಲು ಮುಗಿಯುವವರೆಗೆ ಹೊರುವ ಜನ ಸಿಗುವುದು ಕಷ್ಟ. ಹಾಗಾಗಿ ಜನವರಿ, ಫೆಬ್ರವರಿಯಲ್ಲಿ ವರ್ಕ್‌ಶಾಪಿನ ಕೆಲಸ ಮುಗಿಸಿಕೊಂಡು, ಮಾರ್ಚ್‌ನಲ್ಲಿ ಗೋಡೆ ನಿಲ್ಲಿಸಿ, ಮೇ ತಿಂಗಳೊಳಗೆ ಮಾಡು ಮುಚ್ಚುತ್ತೇವೆ. ಆಮೇಲೆ ಹೋಸ್‌ಪೈಪ್ ಹಿಡಿದು ಪ್ರತಿ ಸಂದಿಗೂ ಬುಡದಿಂದ ಮೇಲಕ್ಕೆ ನೀರು ಬಿಟ್ಟು ನೋಡಿಯೇ ಒಳಗಿನ ತಟ್ಟಿ ಹೊಡೆಯುವುದು.